ಅನುಮಾನದ ಎರಡು ಅರ್ಥ: ಪ್ರೇಮ ಸನ್ನಿವೇಶ ಮತ್ತು ಪತ್ತೇದಾರಿ ಮಾಂಗಾ

(ಲಂಡನ್ನಿನಲ್ಲಿ ಕನ್ನಡ ಬರಹಗಾರರ ಕಮ್ಮಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕತೆಯಲ್ಲಿ ಪ್ರೇಮದ ಸನ್ನಿವೇಶವನ್ನು ಓದುಗರು ನಂಬುವಂತೆ ಬರೆಯುವುದು ಹೇಗೆ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸಂಘಟಕರು ಕೇಳಿದರು. ನಾನು ಒಂದು ಷರತ್ತು ಹಾಕಿ ಒಪ್ಪಿಕೊಂಡೆ: ನಾನು ಅಭಿಮಾನದಿಂದ ಓದುತ್ತ ಬಂದಿರುವ ಜಪಾನಿನ ಪತ್ತೇದಾರಿ ಮಾಂಗಾವೊಂದರ ಮೂಲಕವೇ ಮಾತಾಡುತ್ತೇನೆ ಎಂದು. ಡಾಕ್ಟರೇಟಿನ ವರ್ಷಗಳಲ್ಲಿ, ಅಡಿಟಿಪ್ಪಣಿಗಳಿಂದ ದಣಿದ ರಾತ್ರಿಗಳಲ್ಲಿ ಹಿಡಿದ ಈ ಚಟ ಇನ್ನೂ ಬಿಟ್ಟಿಲ್ಲ. ಮುಚ್ಚಿದ ಕೋಣೆಯೊಳಗಿನ ಕೊಲೆಗೂ ಎರಡು ಜೀವಗಳ ನಡುವಿನ ಒಲವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಕನ್ನಡದ ಒಂದು ಪದದಲ್ಲೇ ಇದೆ. ಆ ಪದ 'ಅನುಮಾನ'.

ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಜ್ಞಾನದ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಆದ್ದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ಇದು ಅಲ್ಲಿಯ ಪಾಠ. ನಮ್ಮ ಮನೆಮಾತಿನಲ್ಲಿ ಅದೇ ಪದ ಸಂಶಯವಾಗಿದೆ. 'ಅವನಿಗೆ ಹೆಂಡತಿಯ ಮೇಲೆ ಅನುಮಾನ' ಎಂದಾಗ ಯಾರೂ ತರ್ಕಶಾಸ್ತ್ರವನ್ನು ನೆನೆಯುವುದಿಲ್ಲ. ಒಂದೇ ಪದ ತಿಳಿವಳಿಕೆಯ ದಾರಿಯೂ ಹೌದು, ಮನೆ ಮುರಿಯುವ ರೋಗವೂ ಹೌದು. ಪ್ರೇಮದ ಸನ್ನಿವೇಶ ಬರೆಯುವವರು ಈ ಎರಡು ಅರ್ಥಗಳ ನಡುವಿನ ಗೆರೆಯನ್ನು ಗುರುತಿಸಬೇಕು. ನನ್ನ ಇಡೀ ಮಾತಿನ ಸಾರ ಇಷ್ಟೇ.

ಮೊದಲ ಅರ್ಥದಿಂದ ಶುರುಮಾಡುತ್ತೇನೆ. ಭರತನ ನಾಟ್ಯಶಾಸ್ತ್ರ ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸವೆಂದು ಹೇಳಿತು. ಒಳಗಿನ ಭಾವ ಹೊರಗೆ ಬಿಡುವ ಗುರುತುಗಳೇ ಅನುಭಾವಗಳು: ತಗ್ಗುವ ಕಣ್ಣು, ತಡವರಿಸುವ ಮಾತು, ಬೆವರುವ ಅಂಗೈ. ಕಾಶ್ಮೀರದ ಶ್ರೀಶಂಕುಕನು ಇದನ್ನು ವ್ಯಾಖ್ಯಾನಿಸುತ್ತ, ಪ್ರೇಕ್ಷಕ ಈ ಗುರುತುಗಳಿಂದ ನಟನಲ್ಲಿ ಭಾವವನ್ನು ಅನುಮಾನಿಸುತ್ತಾನೆ, ಆ ಅನುಮಾನವೇ ರಸಾನುಭವ ಎಂದ. ಅಭಿನವಗುಪ್ತ ಈ ವಾದವನ್ನು ಒಪ್ಪಲಿಲ್ಲ. ರಸ ತರ್ಕದ ಫಲವಲ್ಲ ಎಂದು ಖಂಡಿಸಿದ. ಪಾಂಡಿತ್ಯದ ಆ ಜಗಳ ಹಾಗಿರಲಿ. ಬರೆಯಲು ಕೂತವರಿಗೆ ಶಂಕುಕನ ಮಾತಿನಿಂದ ಒಂದು ಉಪಯೋಗವಿದೆ. ಓದುಗರಿಗೆ ಬೆಂಕಿಯನ್ನು ತೋರಿಸಬೇಡಿ, ಹೊಗೆಯನ್ನು ತೋರಿಸಿ. ಬೆಂಕಿಯನ್ನು ಅವರೇ ಕಂಡುಕೊಳ್ಳಲಿ.

ಒಂದು ಉದಾಹರಣೆ ಕಟ್ಟಿ ನೋಡೋಣ. ಈಸ್ಟ್ ಹ್ಯಾಮ್‌ನಲ್ಲಿ ನಾಲ್ಕಾರು ಜನ ಹಂಚಿಕೊಂಡ ಬಾಡಿಗೆ ಮನೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಒಬ್ಬಳು, ಬೆಳಗಿನ ಜಾವ ಗೋದಾಮಿನ ಕೆಲಸಕ್ಕೆ ಹೊರಡುವ ಹುಡುಗನೊಬ್ಬ. ಇಬ್ಬರೂ ಅಡುಗೆಮನೆಯಲ್ಲಿ ಎದುರಾಗುವುದು ಹತ್ತು ನಿಮಿಷ ಮಾತ್ರ. 'ಅವನಿಗೆ ಅವಳ ಮೇಲೆ ಒಲವು ಉಕ್ಕಿತು' ಎಂದು ಬರೆದರೆ ಓದುಗರು ಒಪ್ಪಬೇಕಾದ ಅಗತ್ಯವಿಲ್ಲ. ಅದು ಸಾಕ್ಷಿಯಿಲ್ಲದ ತೀರ್ಪು. ಬದಲಿಗೆ, ಬೆಳ್ಳುಳ್ಳಿ ತನಗೆ ಒಗ್ಗುವುದಿಲ್ಲವೆಂದು ಅವಳು ಎಂದೋ ಬೇರೆ ಯಾರಿಗೋ ಹೇಳಿರುತ್ತಾಳೆ. ಮೂರು ಪುಟಗಳ ನಂತರ, ಅವನು ಒಲೆಯ ಮೇಲೆ ಮುಚ್ಚಿಟ್ಟು ಹೋದ ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿರುತ್ತದೆ. ಲೇಖಕಿ ಅದರ ಬಗ್ಗೆ ಏನೂ ಹೇಳುವುದಿಲ್ಲ. ನರ್ಸ್ ಮುಚ್ಚಳ ತೆಗೆದು ಒಂದು ಕ್ಷಣ ನಿಲ್ಲುತ್ತಾಳೆ, ಅಷ್ಟೆ. ಪ್ರೇಮ ಅಲ್ಲಿ ಆಗಿಹೋಯಿತು.

ಕನ್ನಡಕ್ಕೆ ಇನ್ನೊಂದು ಸುಳಿವಿನ ಸೌಲಭ್ಯವಿದೆ. ಇಂಗ್ಲಿಷ್ ಬರಹಗಾರರು ಅದಕ್ಕೆ ಅಸೂಯೆಪಡಬೇಕು. 'ನೀವು' ಎನ್ನುತ್ತಿದ್ದ ಬಾಯಿ ಯಾವ ವಾಕ್ಯದಲ್ಲಿ 'ನೀನು' ಎನ್ನುತ್ತದೆ? ಮೊದಲು ಯಾರು ಅನ್ನುತ್ತಾರೆ? ಅಂದ ಮೇಲೆ ಗಾಬರಿಯಾಗಿ ತಿದ್ದಿಕೊಳ್ಳುತ್ತಾರೆಯೆ? ಕೇಳಿಸಿಕೊಂಡವರು ಕೇಳಿಸದಂತೆ ಇರುತ್ತಾರೆಯೆ? ಏಕವಚನ ನಮ್ಮ ಸಮಾಜದಲ್ಲಿ ಸಲಿಗೆಯ ಗುರುತೂ ಹೌದು, ಜಾತಿಯ, ಗಂಡಸುತನದ ದರ್ಪದ ಗುರುತೂ ಹೌದು. ಒಬ್ಬ ಗಂಡಸು ಮೊದಲ ಭೇಟಿಯಲ್ಲೇ 'ನೀನು' ಎಂದರೆ ಅದು ಒಲವಲ್ಲ. ತಿಂಗಳುಗಟ್ಟಲೆ 'ನೀವು' ಎಂದವಳ ನಾಲಿಗೆಯಿಂದ 'ಬಂದ್ಯಾ?' ಎಂಬ ಪದ ಜಾರಿದರೆ, ಅದಕ್ಕಿಂತ ದೊಡ್ಡ ಪ್ರೇಮನಿವೇದನೆ ಕನ್ನಡದಲ್ಲಿ ಬೇರೆ ಬೇಕಿಲ್ಲ.

ಇಲ್ಲಿ ಪತ್ತೇದಾರಿ ಕತೆ ನಮಗೆ ಪಾಠ ಕಲಿಸುತ್ತದೆ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕತೆಗಳಿಗೆ ಹತ್ತು ನಿಯಮಗಳನ್ನು ಬರೆದರು. ಅದರಲ್ಲೊಂದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದು. ಜಪಾನಿನ ಪತ್ತೇದಾರಿ ಬರಹ ಈ ನ್ಯಾಯವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ಮಾಂಗಾದಲ್ಲಂತೂ ಸುಳಿವನ್ನು ಚಿತ್ರದಲ್ಲೇ ಇಡಬೇಕು. ಕೊಲೆಗಾರನ ಅಂಗಿಯ ಬಿಚ್ಚಿದ ಗುಂಡಿ ಒಂದು ಚೌಕಟ್ಟಿನ ಮೂಲೆಯಲ್ಲಿ ಬರೆದಿರಬೇಕು. ಇಪ್ಪತ್ತು ಪುಟದ ಮೇಲೆ ಉತ್ತರ ಸಿಕ್ಕಾಗ ನಾವು ಹಿಂದೆ ತಿರುಗಿ 'ಅರೆ, ಇಲ್ಲೇ ಇತ್ತಲ್ಲ!' ಎನ್ನಬೇಕು. ಅಭಿಮಾನಿಯ ಸುಖವೆಲ್ಲ ಆ ಹಿಂತಿರುಗುವಿಕೆಯಲ್ಲಿದೆ. ಒಳ್ಳೆಯ ಪ್ರೇಮಕತೆಯೂ ಹಿಂದಕ್ಕೆ ತಿರುಗಿ ಓದಿಸಿಕೊಳ್ಳುತ್ತದೆ. ಅವರಿಬ್ಬರೂ ಒಂದಾದ ಪುಟದಿಂದ ಹಿಂದೆ ಹೋದರೆ ಇಂಗಿನ ಒಗ್ಗರಣೆ ಕಾಣಬೇಕು.

ನಾನು ಹೇಳುತ್ತಿರುವ ಮಾಂಗಾ ಗೋಶೋ ಆವೊಯಾಮಾ ಅವರ 'ಡಿಟೆಕ್ಟಿವ್ ಕೊನಾನ್'. 1994ರಲ್ಲಿ 'ಶೋನೆನ್ ಸಂಡೇ' ವಾರಪತ್ರಿಕೆಯಲ್ಲಿ ಆರಂಭವಾಗಿ ಸಂಪುಟಗಳ ಸಂಖ್ಯೆ 100 ದಾಟಿದೆ. ಓದದವರಿಗಾಗಿ ಕತೆಯ ತಿರುಳು ಹೇಳುತ್ತೇನೆ. ಶಿನ್‌ಇಚಿ ಕುಡೊ ಹದಿನೇಳರ ಹುಡುಗ, ಹೆಸರಾಂತ ಪತ್ತೇದಾರ. ಕಪ್ಪು ಬಟ್ಟೆಯ ಪಾತಕಿಗಳು ಕುಡಿಸಿದ ವಿಷ ಅವನನ್ನು ಕೊಲ್ಲುವುದಿಲ್ಲ, ಆರೇಳು ವರ್ಷದ ಮಗುವಿನ ಗಾತ್ರಕ್ಕೆ ಕುಗ್ಗಿಸುತ್ತದೆ. ಅವನು ಕೊನಾನ್ ಎಡೊಗಾವಾ ಎಂದು ಹೆಸರಿಟ್ಟುಕೊಳ್ಳುತ್ತಾನೆ: ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್‌ರಿಂದ ಒಂದು ಭಾಗ, ಜಪಾನಿ ಪತ್ತೇದಾರಿ ಸಾಹಿತ್ಯದ ಹಿರಿಯ ಎಡೊಗಾವಾ ರಾಂಪೊರಿಂದ ಇನ್ನೊಂದು. ರಾಂಪೊ ಎಂಬುದೂ ಎಡ್ಗರ್ ಆಲನ್ ಪೋ ಹೆಸರನ್ನು ಜಪಾನಿ ನಾಲಿಗೆಯಲ್ಲಿ ಉಚ್ಚರಿಸಿ ಕಟ್ಟಿಕೊಂಡ ಕಾವ್ಯನಾಮ. ಹೀಗೆ ಮಗುವಾದ ಹುಡುಗ ಬಾಲ್ಯದ ಗೆಳತಿ ರಾನ್ ಮೋರಿಯ ಮನೆಯಲ್ಲೇ ಆಶ್ರಯ ಪಡೆಯುತ್ತಾನೆ. ಮೊದಲ ಸಂಪುಟದಲ್ಲೇ ಅವಳು, ಎದುರಿಗಿರುವುದು ಪುಟ್ಟ ಮಗುವೆಂದು ನಂಬಿ, ತನಗೆ ಶಿನ್‌ಇಚಿ ಎಂದರೆ ಇಷ್ಟವೆಂದು ಹೇಳಿಬಿಡುತ್ತಾಳೆ.

ಹಾಸ್ಯವಾಗಿ ಬರೆದ ಈ ದೃಶ್ಯದಲ್ಲಿ ನನಗೆ ಕಾಣುವ ಪ್ರಶ್ನೆ ಹಾಸ್ಯದ್ದಲ್ಲ. ಅವನಿಗೆ ಅವಳ ಮನಸ್ಸು ಗೊತ್ತು. ಅವಳಿಗೆ ಅವನು ಎಲ್ಲಿದ್ದಾನೆಂಬುದೇ ಗೊತ್ತಿಲ್ಲ. ಅವಳೂ ದಡ್ಡಿಯಲ್ಲ. ಹಲವು ಸಲ ಸುಳಿವುಗಳನ್ನು ಜೋಡಿಸಿ 'ಈ ಮಗುವೇ ಶಿನ್‌ಇಚಿ' ಎಂಬ ಅಂಚಿಗೆ ಬರುತ್ತಾಳೆ. ಪ್ರತಿಸಲವೂ ಅವನು ಯಾವುದೋ ತಂತ್ರದಿಂದ ಅವಳ ಸರಿಯಾದ ಅನುಮಾನವನ್ನು ತಪ್ಪೆಂದು ನಂಬಿಸುತ್ತಾನೆ. ಕಾರಣ? ನಿಜ ತಿಳಿದರೆ ಪಾತಕಿಗಳಿಂದ ಅವಳ ಜೀವಕ್ಕೆ ಅಪಾಯ. 'ನಿನ್ನ ರಕ್ಷಣೆಗಾಗಿಯೇ ನಿನಗೆ ಹೇಳಲಿಲ್ಲ' ಎಂಬ ವಾಕ್ಯ ನಮಗೆ ಹೊಸದಲ್ಲ. ಅದನ್ನು ಅಪ್ಪಂದಿರು, ಅಣ್ಣಂದಿರು, ಗಂಡಂದಿರು ಹೇಳುತ್ತ ಬಂದಿದ್ದಾರೆ. ಅಭಿಮಾನಿಯಾಗಿ ನಾನು ಕೊನಾನ್ ಸಿಕ್ಕಿಬೀಳದಿರಲಿ ಎಂದು ಉಸಿರು ಹಿಡಿಯುತ್ತೇನೆ. ಓದುತ್ತಿರುವ ಹೆಂಗಸಾಗಿ ರಾನ್ ಅವನನ್ನು ಹಿಡಿಯಲಿ ಎಂದು ಬಯಸುತ್ತೇನೆ. ಎರಡೂ ಬಯಕೆಗಳನ್ನು ಒಟ್ಟಿಗೆ ಹುಟ್ಟಿಸುವ ಕತೆಯನ್ನು ಬಿಸಾಡುವುದಕ್ಕಿಂತ ಗಮನವಿಟ್ಟು ಓದುವುದು ಮೇಲು.

ಇಲ್ಲಿಂದ ಅನುಮಾನದ ಎರಡನೆಯ ಅರ್ಥ ಶುರುವಾಗುತ್ತದೆ. ನ್ಯಾಯಶಾಸ್ತ್ರ ಅನುಮಾನವನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಹೇತ್ವಾಭಾಸವನ್ನೂ, ಅಂದರೆ ಕಾರಣದಂತೆ ಕಾಣುವ ಸುಳ್ಳು ಕಾರಣವನ್ನೂ ಕಲಿಸಿತು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸುವಂತಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ನಮ್ಮ ಜನಪ್ರಿಯ ಸಿನಿಮಾ, ಧಾರಾವಾಹಿಗಳ ಪ್ರೇಮ ನಿಂತಿರುವುದು ಇಂಥ ಹೇತ್ವಾಭಾಸದ ಮೇಲೆ. ಅವಳು ತಲೆ ತಗ್ಗಿಸಿದಳು, ಆದ್ದರಿಂದ ಒಪ್ಪಿದಳು. ಅವಳು ಬೈದಳು, ಆದ್ದರಿಂದ ಒಳಗೊಳಗೆ ಒಪ್ಪಿದಳು. ಅವಳು ಸುಮ್ಮನಿದ್ದಳು, ಸರಿ, ಇನ್ನೇನು ಬೇಕು? ನಾಯಕ ಬಸ್ಸಿನಿಂದ ಬಸ್ಸಿಗೆ, ಬೀದಿಯಿಂದ ಬೀದಿಗೆ ಹಿಂಬಾಲಿಸುತ್ತಾನೆ. ತಲೆ ತಗ್ಗಿಸಲು ಭಯವೂ ಕಾರಣವಾಗಬಹುದು, ಬೇಸರವೂ ಕಾರಣವಾಗಬಹುದು ಎಂಬುದನ್ನು ಆ ಕತೆ ಪರೀಕ್ಷಿಸುವುದೇ ಇಲ್ಲ. ಇಷ್ಟು ಕೆಟ್ಟ ತರ್ಕ ಮಾಡಿದ ಪತ್ತೇದಾರ ಮೊದಲ ಅಧ್ಯಾಯದಲ್ಲೇ ಕೆಲಸ ಕಳೆದುಕೊಳ್ಳುತ್ತಿದ್ದ.

ಇನ್ನು ಅನುಮಾನದ ಕಣ್ಣು ಪ್ರೇಮಿಯದಾಗಿರದೆ ಊರಿನದಾದಾಗ? ಮಾಂಗಾದಲ್ಲಿ ತಕಾಗಿ ಮತ್ತು ಸಾತೊ ಎಂಬ ಪೊಲೀಸ್ ಜೋಡಿಯಿದೆ. ಅವರು ಭೇಟಿಯಾಗಲು ಹೊರಟರೆ ಠಾಣೆಯ ಸಹೋದ್ಯೋಗಿಗಳೆಲ್ಲ ಹಿಂದೆ ಬೀಳುತ್ತಾರೆ, ಇಣುಕುತ್ತಾರೆ, ಅಡ್ಡಿಪಡಿಸುತ್ತಾರೆ. ಜಪಾನಿ ಓದುಗರಿಗೆ ಅದು ಶುದ್ಧ ಹಾಸ್ಯ. ಆ ಪುಟಗಳನ್ನು ಓದುವಾಗ ಕರಾವಳಿ ಕರ್ನಾಟಕದ ಬಸ್ಸು ನನಗೆ ನೆನಪಾಗುತ್ತದೆ. ಒಂದೇ ಸೀಟಿನಲ್ಲಿ ಕೂತ ಇಬ್ಬರ ಹೆಸರು ಕೇಳುವವರು, ಹೆಸರಿನಿಂದ ಧರ್ಮವನ್ನು, ಧರ್ಮದಿಂದ ಅಪರಾಧವನ್ನು ಅನುಮಾನಿಸುವವರು ಅಲ್ಲಿದ್ದಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿದ್ದ ಯುವತಿಯರನ್ನು ಹೊಡೆದು ಅಟ್ಟಿದ್ದನ್ನು ಕ್ಯಾಮೆರಾಗಳೆದುರೇ ದೇಶ ನೋಡಿತು. ಕಾನೂನು ಕೂಡ ಇಣುಕುಗಣ್ಣಿಗೆ ಬಾಗಿಲು ತೆರೆದಿಟ್ಟಿದೆ. ಬೇರೆ ಬೇರೆ ಧರ್ಮದವರೂ ಮದುವೆಯಾಗಬಹುದಾದ 1954ರ ವಿಶೇಷ ವಿವಾಹ ಕಾಯ್ದೆಯಡಿ, ಜೋಡಿಯ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. 30 ದಿನ ಯಾರು ಬೇಕಾದರೂ ಬಂದು ಆಕ್ಷೇಪ ಸಲ್ಲಿಸಬಹುದು. ಇಬ್ಬರು ವಯಸ್ಕರ ಒಲವು ಒಂದು ತಿಂಗಳು ಸಾರ್ವಜನಿಕ ತನಿಖೆಗೆ ಒಳಪಡುತ್ತದೆ.

ಆದ್ದರಿಂದ ಕನ್ನಡದಲ್ಲಿ ನಂಬುವಂಥ ಪ್ರೇಮ ಸನ್ನಿವೇಶ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ತೀರ ಲೌಕಿಕವಾದದ್ದು: ಇವರಿಬ್ಬರೂ ಎಲ್ಲಿ ಕೂರುತ್ತಾರೆ? ಯಾರ ಕಣ್ಣಿಗೆ ಬೀಳುತ್ತಾರೆ? ಮನೆಗೆ ಹೋದ ಮೇಲೆ ಯಾರಿಗೆ ಏನು ಸುಳ್ಳು ಹೇಳುತ್ತಾರೆ? ಅವನು ಮಾರ್ಗ ಬದಲಿಸಿದರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ, ಅವಳು ಮಾರ್ಗ ಬದಲಿಸಿದರೆ ಕಾಲೇಜು ಬಿಡಬೇಕಾಗುತ್ತದೆ. ಈ ವ್ಯತ್ಯಾಸ ಇಲ್ಲದ ಪ್ರೇಮದೃಶ್ಯ ಎಷ್ಟು ಸುಂದರವಾಗಿದ್ದರೂ ನಂಬಲು ಬರುವುದಿಲ್ಲ. ವಿದೇಶದಲ್ಲಿರುವ ನಾವು ಈ ಕಣ್ಣುಗಳಿಂದ ಪಾರಾದೆವೆಂದು ತಿಳಿಯುವುದೂ ಬೇಡ. ವಾಟ್ಸಾಪ್ ಗುಂಪುಗಳ ಕಣ್ಣು ಹೀಥ್ರೂದಲ್ಲಿ ಇಳಿದವರ ಜೊತೆಗೇ ಇಳಿದಿದೆ.

ಅನುಮಾನದ ಹಳೆಯ ಕತೆಯೊಂದು ನಮ್ಮಲ್ಲೇ ಇದೆ. ಕಾಳಿದಾಸನ ನಾಟಕದ ಹೆಸರಿನಲ್ಲೇ 'ಅಭಿಜ್ಞಾನ' ಇದೆ, ಅಂದರೆ ಗುರುತಿನ ಸಾಕ್ಷಿ. ದುಷ್ಯಂತ ಮರೆಯುತ್ತಾನೆ, ಸಾಬೀತು ಮಾಡುವ ಭಾರ ಶಕುಂತಲೆಯ ಮೇಲೆ ಬೀಳುತ್ತದೆ. ತುಂಬಿದ ಆಸ್ಥಾನದಲ್ಲಿ ಅವಳು ಉಂಗುರ ಹುಡುಕುತ್ತಾಳೆ, ಬೆರಳು ಬರಿದಾಗಿರುತ್ತದೆ. ಮುಂದೆ ಉಂಗುರ ಸಿಕ್ಕುವುದು ಮೀನುಗಾರನ ಕೈಗೆ. ಕಾವಲುಗಾರರು ಅವನನ್ನು ಕಳ್ಳನೆಂದೇ ಹಿಡಿದು ತರುತ್ತಾರೆ, ಅವನ ಕಸುಬನ್ನು ಆಡಿಕೊಳ್ಳುತ್ತಾರೆ. ಅರಮನೆಯ ಅನುಮಾನ ಹೆಣ್ಣಿನ ಮಾತಿನ ಮೇಲೆ, ಮೀನುಗಾರನ ಕೈಯ ಮೇಲೆ. ಮರೆತ ರಾಜನ ಮೇಲೆ ಅಲ್ಲ. ಪ್ರೇಮಕ್ಕೆ ಸಾಕ್ಷಿ ಕೇಳುವ ಅಧಿಕಾರ ಯಾರಿಗಿದೆ, ಸಾಕ್ಷಿ ಒದಗಿಸುವ ಹೊರೆ ಯಾರಿಗಿದೆ ಎಂಬುದು ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ.

ಈಗ, ಈ ನಗರದಲ್ಲೇ ನಡೆಯುವ ಒಂದು ದೃಶ್ಯಕ್ಕೆ ಬರುತ್ತೇನೆ. ಆವೊಯಾಮಾ ತಮ್ಮ ಪಾತ್ರಗಳನ್ನು ಲಂಡನ್ನಿಗೆ ಕರೆತರುತ್ತಾರೆ. ಹೋಮ್ಸ್ ಭಕ್ತನಾದ ನಾಯಕನಿಗೆ ಇದು ತೀರ್ಥಕ್ಷೇತ್ರ. ತಾನು ಇಲ್ಲಿಲ್ಲವೆಂದು ರಾನ್‌ಗೆ ನಂಬಿಸಿರುವ ಶಿನ್‌ಇಚಿ ಫೋನಿನಲ್ಲಿ ಮಾತಾಡುತ್ತಿರುವಾಗ ಬಿಗ್ ಬೆನ್ ಗಂಟೆ ಹೊಡೆಯುತ್ತದೆ. ಅದೇ ಸದ್ದು ಫೋನಿನೊಳಗಿಂದಲೂ ಬಂದಾಗ ಅವಳಿಗೆ ಎಲ್ಲ ತಿಳಿಯುತ್ತದೆ. ಆ ದೃಶ್ಯದಲ್ಲಿ ಪತ್ತೇದಾರಿಕೆ ಮಾಡಿದವಳು ಅವಳು. ತಾತ್ಕಾಲಿಕ ಔಷಧಿಯಿಂದ ತನ್ನ ನಿಜರೂಪಕ್ಕೆ ಬಂದ ಅವನು ಬೆನ್ನಟ್ಟಿ ಬಂದಾಗ ಅವಳು ಸಿಟ್ಟಿನಲ್ಲಿ ಹೇಳುವುದರ ಸಾರ ಇಷ್ಟು: ನೀನು ಪತ್ತೇದಾರನಾದರೆ ನನ್ನ ಮನಸ್ಸನ್ನು ಊಹಿಸು ನೋಡೋಣ. ಎಂಥ ಕೊಲೆಯನ್ನೂ ಬಿಡಿಸುವ ಹುಡುಗ ಅಲ್ಲಿ ಸೋಲುತ್ತಾನೆ. ತನ್ನೊಳಗೆ ಭಾವನೆ ತುಂಬಿಕೊಂಡಿರುವಾಗ ತಾನು ಪ್ರೀತಿಸುವವಳ ಮನಸ್ಸನ್ನು ಸರಿಯಾಗಿ ಊಹಿಸಲು, ತಾನು ಹೋಮ್ಸ್ ಆಗಿದ್ದರೂ ಸಾಧ್ಯವಿಲ್ಲ ಎಂದು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಾನೆ.

ಕತೆ ಆರಂಭವಾಗಿ ಒಂದೂವರೆ ದಶಕಕ್ಕೂ ಹೆಚ್ಚು ಕಳೆದ ಮೇಲೆ ಬಂದ ಮಾತು ಅದು. ಅದನ್ನು ನಾವು ಯಾಕೆ ನಂಬುತ್ತೇವೆ? ಮೊದಲ ಸಂಪುಟದಿಂದಲೂ ಅವನಿಗೆ ಉತ್ತರ ಗೊತ್ತಿದೆ. ಆದರೆ ಅವಳು ಅದನ್ನು ಅವನಿಗೆ ಹೇಳಿದ್ದಲ್ಲ, ಒಂದು ಮಗುವಿಗೆ ಹೇಳಿದ್ದು. ಕದ್ದು ಕೇಳಿದ ಉತ್ತರ ಉತ್ತರವಾಗುವುದಿಲ್ಲ. ಅವನು ತನ್ನ ಮಾತನ್ನು ತಾನೇ ಹೇಳಬೇಕು, ಅವಳ ಮಾತಿಗೆ ಕಾಯಬೇಕು. ಆವೊಯಾಮಾ ಆ ಉತ್ತರಕ್ಕೆ ಅದರದೇ ಜಾಗ ಕೊಟ್ಟರು. 2017ರಲ್ಲಿ ಪ್ರಕಟವಾದ ಕ್ಯೋಟೋ ಪ್ರವಾಸದ ಪ್ರಕರಣದಲ್ಲಿ, ತನಗೆ ಬೇಕಾದಾಗ, ರಾನ್ ಅವನ ಕೆನ್ನೆಗೆ ಮುತ್ತಿಟ್ಟು ಉತ್ತರಿಸುತ್ತಾಳೆ. ನಡುವಿನ ವರ್ಷಗಳಲ್ಲಿ ಅವಳ ಮೌನವನ್ನು ಒಪ್ಪಿಗೆಯೆಂದು ಕತೆ ದಾಖಲಿಸಲಿಲ್ಲ. ಕೊನಾನ್ ಯಾರೆಂಬ ಗುಟ್ಟು ಮಾತ್ರ ಆ ಮುತ್ತಿನ ಹೊತ್ತಿಗೂ ಅವಳಿಂದ ಮುಚ್ಚಿಯೇ ಇದೆ. ಆ ದೃಶ್ಯವನ್ನು ಮೆಚ್ಚುತ್ತಲೇ, ಅದರ ಅಡಿಯ ಈ ಸಾಲವನ್ನು ನಾನು ಮನ್ನಾ ಮಾಡಲಾರೆ.

ಇನ್ನೊಂದು ದೃಶ್ಯ ನನಗೆ ಇದಕ್ಕಿಂತಲೂ ಪ್ರಿಯ. ಪೊಲೀಸ್ ಅಧಿಕಾರಿ ಸಾತೊಗೆ ಹಿಂದೆ ಮನಸ್ಸಿಗೆ ಹತ್ತಿರವಾಗಿದ್ದ ಮತ್ಸುದಾ ಬಾಂಬ್ ಸ್ಫೋಟದಲ್ಲಿ ಸತ್ತಿರುತ್ತಾನೆ. ಆ ನೆನಪನ್ನು ಅಳಿಸಿಕೊಳ್ಳಲು ಅವಳು ಒದ್ದಾಡುತ್ತಿರುತ್ತಾಳೆ. ಅವಳನ್ನು ಪ್ರೀತಿಸುವ ತಕಾಗಿ 'ಅವನನ್ನು ಮರೆತುಬಿಡು' ಎನ್ನಬಹುದಿತ್ತು. ಅವನು ಮರೆಯಬೇಡವೆಂದು ಹೇಳುತ್ತಾನೆ. ಸತ್ತವರಿಗೆ ಬದುಕಲು ಉಳಿದವರ ನೆನಪು ಬಿಟ್ಟು ಬೇರೆ ಜಾಗವಿಲ್ಲ ಎಂಬ ಅರ್ಥದಲ್ಲಿ. ಹೆಣ್ಣಿನ ಹಿಂದಿನ ಬದುಕನ್ನು ಕೆದಕದ, ಅಳಿಸಲು ಕೇಳದ ಗಂಡಸನ್ನು ನಮ್ಮ ಕತೆಗಳಲ್ಲಿ ಎಷ್ಟು ಸಲ ಕಂಡಿದ್ದೇವೆ? ಅನುಮಾನ ರೋಗವಾಗುವುದನ್ನು ತಡೆಯುವ ಮದ್ದು ಆ ಒಂದು ಮಾತಿನಲ್ಲಿದೆ.

ಬಿಗ್ ಬೆನ್‌ನಿಂದ ಹೊರಟು ಸೇತುವೆ ದಾಟಿ ಥೇಮ್ಸ್ ದಡದಲ್ಲಿ ನಡೆದರೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಸಿಗುತ್ತದೆ. ನಾವೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡವರೇ. ಹನ್ನೆರಡನೆಯ ಶತಮಾನದ ಕಲ್ಯಾಣ ಹೊತ್ತಿ ಉರಿದದ್ದು ಒಂದು ಮದುವೆಯಿಂದ ಎಂದು ಪರಂಪರೆ ಹೇಳುತ್ತದೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಪ್ರಭುತ್ವ ಅದರಲ್ಲಿ ಅಪರಾಧವನ್ನು ಪತ್ತೆಹಚ್ಚಿತು. ಅಪ್ಪಂದಿರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಪಿ. ಲಂಕೇಶರ 'ಸಂಕ್ರಾಂತಿ', ಗಿರೀಶ ಕಾರ್ನಾಡರ 'ತಲೆದಂಡ' ಆ ಕಲ್ಯಾಣವನ್ನು ರಂಗದ ಮೇಲೆ ತಂದವು. ಆದರೂ ನಮ್ಮ ಸಾಮಾನ್ಯ ನೆನಪಿನಲ್ಲಿ ಅಪ್ಪಂದಿರ ಹೆಸರಿದೆ, ಶಿಕ್ಷೆಯ ಹೆಸರಿದೆ. ಆ ಹುಡುಗ ಹುಡುಗಿ ಒಬ್ಬರಿಗೊಬ್ಬರು ಏನೆಂದರು ಎಂಬುದಿಲ್ಲ. ಅವಳನ್ನು ಯಾರಾದರೂ ಕೇಳಿದರೆ? ಅವಳು ಹೂಂ ಎಂದಳೆ? ಮೊದಲು 'ನೀನು' ಎಂದವರು ಯಾರು?

ಈ ಕಮ್ಮಟದಲ್ಲಿ ಮಧ್ಯಾಹ್ನ ನೀವು ಬರೆಯಲು ಕೂರುತ್ತೀರಿ. ನನ್ನ ಕೋರಿಕೆ ಇಷ್ಟೆ: ಕಲ್ಯಾಣದ ಆ ಇಬ್ಬರಾದರೂ ಸರಿ, ಈಸ್ಟ್ ಹ್ಯಾಮ್‌ನ ಅಡುಗೆಮನೆಯ ಇಬ್ಬರಾದರೂ ಸರಿ, ಸುಳಿವುಗಳನ್ನು ಓದುಗರ ಕೈಗೆ ಧಾರಾಳವಾಗಿ ಕೊಡಿ, ಅವರು ಊಹಿಸಲಿ. ಕತೆಯೊಳಗಿನ ಪ್ರೇಮಿಗೆ ಮಾತ್ರ ಊಹಿಸಿ ಮುಗಿಸುವ ಸ್ವಾತಂತ್ರ್ಯ ಕೊಡಬೇಡಿ. ಅವನು ಬಾಯಿಬಿಟ್ಟು ಕೇಳಲಿ. ಕೇಳಿದ ಮೇಲೆ ಅವಳಿಗೆ ಉತ್ತರಿಸಲು ಒಂದಿಡೀ ಪುಟ ಬಿಡಿ.